ಅವರ್ಸಾದಿಂದ ಕಾಲೇಜಿಗೆ ಎಷ್ಟು ತಾಸು?

ಅಂಕೋಲಾದಿಂದ ಕಾರವಾರದ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊರಟರೆ ಹತ್ತು-ಹನ್ನೆರಡು ಕಿಲೋಮೀಟರ್ ಕಳೆಯುವಷ್ಟರಲ್ಲಿ ಅವರ್ಸಾ ಬರುತ್ತದೆ. ಕಾತ್ಯಾಯನಿ ದೇವಸ್ಥಾನದ ಊರು. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಗುಡ್ಡಸಾಲು, ನಡುವೆ ಗದ್ದೆ, ತೆಂಗು, ಹೆದ್ದಾರಿ. ಈ ಊರಿನ ಹುಡುಗನೋ ಹುಡುಗಿಯೋ ಪಿಯುಸಿ ಮುಗಿಸಿದಾಗ ಮುಂದೆ ನಾಲ್ಕು ದಾರಿಗಳಿರುತ್ತವೆ. ತೆಂಕಕ್ಕೆ ಹತ್ತಿರದಲ್ಲೇ ಅಂಕೋಲಾದ ಗೋಖಲೆ ಸೆಂಟಿನರಿ ಕಾಲೇಜು, ಇನ್ನೂ ಮುಂದೆ ಕುಮಟಾ, ಹೊನ್ನಾವರ, ಮಂಗಳೂರು. ಬಡಗಿಗೆ ಇಪ್ಪತ್ತು ಕಿಲೋಮೀಟರ್‌ಗೂ ಮಿಕ್ಕ ದೂರದಲ್ಲಿ ಕಾರವಾರದ ಪದವಿ ಕಾಲೇಜುಗಳು, ವೈದ್ಯಕೀಯ ಕಾಲೇಜು, ಕೋಡಿಬಾಗದ ಸ್ನಾತಕೋತ್ತರ ಕೇಂದ್ರ, ಕಾಳಿ ನದಿ ದಾಟಿದರೆ ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು. ಅರಬೈಲ್ ಘಟ್ಟ ಹತ್ತಿದರೆ ಯಲ್ಲಾಪುರದ ಮೇಲಿಂದ ಹುಬ್ಬಳ್ಳಿ ಮತ್ತು ಧಾರವಾಡ. ನಾಲ್ಕನೆಯದು, ಎಲ್ಲರ ಬಾಯಲ್ಲೂ ಇರುವ ಬೆಂಗಳೂರು. ಯಾವ ದಾರಿ ಹಿಡಿದರೂ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ನಿಂತಿರುತ್ತದೆ. ಮಗು ರಾತ್ರಿ ಎಲ್ಲಿ ಮಲಗುತ್ತದೆ?

ನಮ್ಮ ಮನೆಗಳಲ್ಲಿ ಈ ಎರಡನೆಯ ಪ್ರಶ್ನೆಗೆ ಸಿಗುವ ಸಮಯ ಬಹಳ ಕಡಿಮೆ. ಯಾವ ಕೋರ್ಸು, ಯಾವ ಕಾಲೇಜು, ಎಷ್ಟು ಫೀ ಎಂಬ ಮಾತು ಫಲಿತಾಂಶಕ್ಕೂ ಮೊದಲೇ ಶುರುವಾಗಿ ತಿಂಗಳುಗಟ್ಟಲೆ ನಡೆಯುತ್ತದೆ. ಅದಕ್ಕೆ ಮಾವ, ಚಿಕ್ಕಪ್ಪ, ಪಕ್ಕದ ಮನೆಯ ಮಾಸ್ತರು ಎಲ್ಲರ ಸಲಹೆಯೂ ಸಿಗುತ್ತದೆ. ಸೀಟು ಖಚಿತವಾಗಿ ಫೀ ಕಟ್ಟಿದ ಮೇಲೆ, ತರಗತಿ ಶುರುವಾಗಲು ವಾರ ಉಳಿದಾಗ, ಉಳಿಯುವ ಜಾಗದ ಹುಡುಕಾಟ ನಡೆಯುತ್ತದೆ. ಆಗ ಎರಡೇ ಅಳತೆಗೋಲು: ಬಾಡಿಗೆ ಎಷ್ಟು, ಪರಿಚಯದವರು ಯಾರಾದರೂ ಹತ್ತಿರ ಇದ್ದಾರೆಯೇ. ಎರಡಕ್ಕೂ ಉತ್ತರ ಸಿಗದಿದ್ದರೆ, ಮನೆಯಿಂದಲೇ ಓಡಾಡಲಿ ಎಂಬ ತೀರ್ಮಾನ. ನನ್ನ ವಾದ ಈ ಕ್ರಮದ ವಿರುದ್ಧ. ಉಳಿಯುವ ಜಾಗವನ್ನು ಸೀಟಿನ ಜೊತೆಗೇ ಆರಿಸಬೇಕು, ಸೀಟಿನ ಆಯ್ಕೆಯಷ್ಟೇ ತೂಕ ಕೊಟ್ಟು ಆರಿಸಬೇಕು. ಆರಿಸುವಾಗ ಮೊದಲು ಎಣಿಸಬೇಕಾದದ್ದು ವಿದ್ಯಾರ್ಥಿಯ ದಿನದ ತಾಸುಗಳನ್ನು. ರೂಪಾಯಿಯ ಲೆಕ್ಕ ಆಮೇಲೆ ಬರಲಿ. ಬಾಡಿಗೆಯ ರಸೀದಿ ಕೈಗೆ ಬರುತ್ತದೆ, ಕಳೆದ ತಾಸುಗಳಿಗೆ ಯಾರೂ ರಸೀದಿ ಕೊಡುವುದಿಲ್ಲ. ಆದ್ದರಿಂದಲೇ ಅವು ಲೆಕ್ಕದಿಂದ ಜಾರಿಹೋಗುತ್ತವೆ.

ಕೂಡಿಸಿ ನೋಡೋಣ. ಅವರ್ಸಾದ ವಿದ್ಯಾರ್ಥಿನಿಯೊಬ್ಬಳು ಕಾರವಾರದ ಕಾಲೇಜಿಗೆ ದಿನಾ ಹೋಗಿ ಬರುತ್ತಾಳೆ ಎಂದುಕೊಳ್ಳಿ. ಮನೆಯಿಂದ ಹೆದ್ದಾರಿಗೆ ನಡಿಗೆ, ಬಸ್ಸಿಗೆ ಕಾಯುವುದು, ಪಯಣ, ಕಾರವಾರದ ನಿಲ್ದಾಣದಿಂದ ಕಾಲೇಜಿಗೆ ಮತ್ತೆ ನಡಿಗೆ ಎಲ್ಲ ಸೇರಿ ಒಂದು ಸಲಕ್ಕೆ ಒಂದು ತಾಸು ಎಂದು ಹಿಡಿದರೆ ದಿನಕ್ಕೆ ಎರಡು ತಾಸು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಪ್ರಕಾರ ವರ್ಷಕ್ಕೆ ಕನಿಷ್ಠ 180 ದಿನ ಪಾಠ ನಡೆಯಬೇಕು. ಅಂದರೆ ವರ್ಷಕ್ಕೆ 360 ತಾಸು ರಸ್ತೆಯ ಮೇಲೆ. ಇದು ಹೆಚ್ಚೋ ಕಡಿಮೆಯೋ ಎಂದು ತಿಳಿಯಲು ಅದೇ ಆಯೋಗದ ಇನ್ನೊಂದು ಲೆಕ್ಕ ನೆರವಾಗುತ್ತದೆ. ಅದರ ಪಠ್ಯಕ್ರಮ ಚೌಕಟ್ಟಿನಲ್ಲಿ ಒಂದು ಕ್ರೆಡಿಟ್ ಎಂದರೆ 15 ತಾಸಿನ ಪಾಠ. ಮೂರು ವರ್ಷದ ಪದವಿಗೆ 120 ಕ್ರೆಡಿಟ್, ಅಂದರೆ ಒಂದು ಸೆಮಿಸ್ಟರ್‌ಗೆ 20. ಎಲ್ಲವೂ ಪಾಠವೇ ಎಂದು ಹಿಡಿದರೆ ಒಂದು ಸೆಮಿಸ್ಟರಿನ ಒಟ್ಟು ಪಾಠ 300 ತಾಸು. ಆ ಹುಡುಗಿ ಒಂದು ವರ್ಷದಲ್ಲಿ ಬಸ್ಸಿಗಾಗಿ ಕಳೆಯುವ ಸಮಯ ಒಂದು ಇಡೀ ಸೆಮಿಸ್ಟರಿನ ಪಾಠಕ್ಕಿಂತ ಹೆಚ್ಚು. ಮಾಜಾಳಿಯವರೆಗೆ ಹೋಗಬೇಕಾದವನಿಗೆ ಕಾರವಾರದಲ್ಲಿ ಬಸ್ಸು ಬದಲಿಸುವ ಕೆಲಸವೂ ಸೇರಿ ದಿನಕ್ಕೆ ಮೂರು ತಾಸಾದರೆ ವರ್ಷಕ್ಕೆ 540. ನಾಲ್ಕು ವರ್ಷದ ಎಂಜಿನಿಯರಿಂಗ್‌ನಲ್ಲಿ 2,160 ತಾಸು. ದಿನಕ್ಕೆ ಎಂಟು ತಾಸಿನ ಕೆಲಸವೆಂದು ಭಾಗಿಸಿದರೆ 270 ದಿನ.

ಬಸ್ಸಿನಲ್ಲಿ ಓದಬಹುದಲ್ಲ ಎನ್ನುವವರಿದ್ದಾರೆ. ಕಾಲೇಜು ಬಿಡುವ ಹೊತ್ತಿನ ಬಸ್ಸಿನಲ್ಲಿ ನಿಲ್ಲಲು ಜಾಗ ಸಿಕ್ಕಿದರೆ ಸಾಕಾಗಿರುತ್ತದೆ. ಹಾರವಾಡದಲ್ಲಿ ಕೊಂಕಣ ರೈಲ್ವೆಯ ನಿಲ್ದಾಣವಿದೆ, ಆದರೆ ಅಲ್ಲಿ ನಿಲ್ಲುವ ಗಾಡಿಗಳು ಕೆಲವೇ. ಅವುಗಳ ಹೊತ್ತಿಗೂ ಕಾಲೇಜಿನ ಹೊತ್ತಿಗೂ ಹೊಂದಾಣಿಕೆಯಾಗಬೇಕು. ಇನ್ನೊಂದು ನಷ್ಟ ತಾಸಿನ ಲೆಕ್ಕದಲ್ಲೂ ಕಾಣುವುದಿಲ್ಲ. ಕಾಲೇಜಿನಲ್ಲಿ ಕಲಿಯುವುದರಲ್ಲಿ ಒಂದು ದೊಡ್ಡ ಪಾಲು ಗಂಟೆ ಹೊಡೆದ ಮೇಲೆ ನಡೆಯುತ್ತದೆ. ಗ್ರಂಥಾಲಯದಲ್ಲಿ ಕೂರುವುದು, ಪ್ರಯೋಗ ಕೆಟ್ಟದ್ದನ್ನು ಮತ್ತೆ ಮಾಡಿ ನೋಡುವುದು, ಅರ್ಥವಾಗದ್ದನ್ನು ಗೆಳತಿಯಿಂದ ಕೇಳಿ ತಿಳಿಯುವುದು, ನಾಟಕ, ಆಟ, ಚರ್ಚಾಕೂಟ, ಸ್ಪರ್ಧಾತ್ಮಕ ಪರೀಕ್ಷೆಯ ಗುಂಪು ಓದು. ಸಂಜೆ ಐದರ ಬಸ್ಸು ಹಿಡಿಯಬೇಕಾದವರು ಇವೆಲ್ಲದರಿಂದ ಹೊರಗುಳಿಯುತ್ತಾರೆ. ಅಮೆರಿಕದ ಶಿಕ್ಷಣತಜ್ಞ ಆರ್ಥರ್ ಚಿಕರಿಂಗ್ 1974ರಲ್ಲಿ ಮನೆಯಿಂದ ಓಡಾಡುವವರನ್ನೂ ಹಾಸ್ಟೆಲಿನಲ್ಲಿರುವವರನ್ನೂ ಹೋಲಿಸಿ ಒಂದು ಪುಸ್ತಕವನ್ನೇ ಬರೆದರು. ಅಲೆಕ್ಸಾಂಡರ್ ಆಸ್ಟಿನ್ 1993ರ ತಮ್ಮ ಪುಸ್ತಕದಲ್ಲಿ ಸಾವಿರಾರು ವಿದ್ಯಾರ್ಥಿಗಳ ಮಾಹಿತಿ ಮುಂದಿಟ್ಟುಕೊಂಡು ಅದೇ ಪ್ರಶ್ನೆಗೆ ಮರಳಿದರು. ಕಾಲೇಜಿನ ಆವರಣದಲ್ಲಿ ಉಳಿದವರು ಓದನ್ನು ನಡುವೆ ಬಿಡುವುದು ಕಡಿಮೆ, ಚಟುವಟಿಕೆಗಳಲ್ಲಿ ತೊಡಗುವುದು ಹೆಚ್ಚು ಎಂಬುದು ಇಬ್ಬರಿಗೂ ಕಂಡಿತು. ಅಮೆರಿಕದ ಮಾತನ್ನು ಹಾಗೆಯೇ ಅಂಕೋಲಾಕ್ಕೆ ತಂದು ಹೊಂದಿಸಲಾಗದು ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಆದರೆ ಹಿಂದಿರುವ ಕಾರಣ ಯಾವ ದೇಶಕ್ಕೂ ಸೀಮಿತವಾದದ್ದಲ್ಲ. ಎಲ್ಲಿ ಸಂಜೆ ಕಳೆಯುತ್ತೇವೋ ಆ ಜಾಗ ನಮ್ಮನ್ನು ರೂಪಿಸುತ್ತದೆ.

ಇಲ್ಲಿಗೆ ಮೊದಲ ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಗೆ ಬಂದು ರಾಜ್ಯದ ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ. ಹುಡುಗರಿಗೆ ರಿಯಾಯಿತಿ ಪಾಸು ಇದೆ. ಬಸ್ಸಿಗೆ ದುಡ್ಡೇ ಇಲ್ಲವೆಂದಾಗ ಕೋಣೆಗೆ ಸಾವಿರಗಟ್ಟಲೆ ಸುರಿಯುವುದೇಕೆ? ಶಕ್ತಿ ಯೋಜನೆ ಎಷ್ಟೋ ಹುಡುಗಿಯರನ್ನು ಕಾಲೇಜಿನ ಬಾಗಿಲಿಗೆ ತಲುಪಿಸಿದೆ. ಅದರ ಬೆಲೆಯನ್ನು ನಾನು ಕಿಂಚಿತ್ತೂ ಕಡಿಮೆ ಮಾಡುವುದಿಲ್ಲ. ಆದರೂ ಉಚಿತವಾದದ್ದು ಟಿಕೆಟ್ಟು ಮಾತ್ರ. ಮೇಲಿನ 360 ತಾಸಿನಲ್ಲಿ ಒಂದೂ ಮರಳಿ ಬರುವುದಿಲ್ಲ. ಹುಡುಗಿಯರ ವಿಷಯದಲ್ಲಿ ಇನ್ನೊಂದು ಕಹಿಸತ್ಯವೂ ಇದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರೆ ಗಂಡಸರು ಕೊಡುತ್ತಿದ್ದದ್ದು 97 ನಿಮಿಷ. ಸಂಜೆ ಆರಕ್ಕೆ ಮನೆ ಸೇರಿದ ಮಗ ಕೈಕಾಲು ತೊಳೆದು ಕೂರುತ್ತಾನೆ, ಮಗಳು ಅಡಿಗೆಮನೆಗೆ ಹೋಗುತ್ತಾಳೆ. ಕಾಯಿ ತುರಿಯುವುದು, ಮೀನು ಹೆರೆಯುವುದು, ಪಾತ್ರೆ, ಅಂಗಳ. ಇದು ಎಲ್ಲ ಮನೆಯ ಕಥೆಯೆಂದು ಹೇಳುತ್ತಿಲ್ಲ, ಆದರೆ ಸಮೀಕ್ಷೆಯ ಅಂಕಿ ಇಡೀ ದೇಶದ್ದು. ಓಡಾಟದ ಎರಡು ತಾಸಿನ ಮೇಲೆ ಮನೆಗೆಲಸದ ಎರಡು ತಾಸು ಬಿದ್ದರೆ ಓದಿಗೆ ಉಳಿಯುವುದು ನಿದ್ದೆಯಿಂದ ಕಡಿದುಕೊಂಡ ಹೊತ್ತು. ಹುಡುಗಿಗೆ ಹಾಸ್ಟೆಲ್ಲಿನ ಒಂದು ಮಂಚ, ಒಂದು ಮೇಜು ಎಂದರೆ ತನ್ನ ಸಂಜೆಯ ಮೇಲೆ ಮೊದಲ ಬಾರಿಗೆ ಸಿಗುವ ಹಕ್ಕು.

ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತರಗತಿಗಳು ಬಿಸಿಯೇರುವುದೂ ಮಳೆ ಜೋರಾಗುವುದೂ ಒಂದೇ ತಿಂಗಳುಗಳಲ್ಲಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ಹಲವರು ಪ್ರಾಣ ಕಳೆದುಕೊಂಡರು, ಅಂಕೋಲಾ–ಕುಮಟಾ ನಡುವಿನ ಸಂಚಾರ ದಿನಗಟ್ಟಲೆ ಕಡಿದುಹೋಯಿತು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿ ಕಾರವಾರ ಮತ್ತು ಸದಾಶಿವಗಡದ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಅವರ್ಸಾದಿಂದ ನೋಡಿದರೆ ಒಂದು ಅವಘಡ ಕುಮಟಾ-ಹೊನ್ನಾವರದ ಕಾಲೇಜುಗಳ ದಾರಿಯಲ್ಲಿ, ಇನ್ನೊಂದು ಮಾಜಾಳಿಯ ದಾರಿಯಲ್ಲಿ. ಇಂಥ ದುರಂತ ಪ್ರತಿ ವರ್ಷ ಆಗದಿರಲಿ. ಆದರೆ ಗುಡ್ಡ ಕೊರೆದು ಅಗಲ ಮಾಡಿದ ರಸ್ತೆಯಲ್ಲಿ ಮಣ್ಣು ಜಾರುವುದು, ಹಳ್ಳ ಉಕ್ಕಿ ಬಸ್ಸು ನಿಲ್ಲುವುದು, ಒಂದು ತಾಸಿನ ದಾರಿಗೆ ಎರಡು ತಾಸು ಹಿಡಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಾಮೂಲು ಸಂಗತಿ. ಮಳೆಗಾಲದ ರಜೆ ಶಾಲೆ ಮತ್ತು ಪದವಿಪೂರ್ವ ಕಾಲೇಜಿಗೆ ಘೋಷಣೆಯಾದಾಗ ಪದವಿ ಕಾಲೇಜು ನಡೆದಿರುವುದೂ ಉಂಟು. ಹಾಜರಿ ಕಡಿಮೆಯಾಗಿ ಪರೀಕ್ಷೆಗೆ ತೊಂದರೆಯಾದಾಗ ಮಳೆಯ ಕಾರಣ ಹೇಳಿಕೊಂಡು ಕಚೇರಿ ಸುತ್ತಬೇಕಾದವರು ಓಡಾಡುವ ವಿದ್ಯಾರ್ಥಿಗಳೇ.

ಹಾಗಾದರೆ ಊರಿನ ಹತ್ತಿರ ಕಾಲೇಜು ತಂದವರ ಶ್ರಮವೆಲ್ಲ ವ್ಯರ್ಥವೇ ಎಂದು ಕೇಳಬಹುದು. ದಿನಕರ ದೇಸಾಯರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದ್ದು, 1966ರಲ್ಲಿ ಗೋಪಾಲಕೃಷ್ಣ ಗೋಖಲೆಯವರ ಜನ್ಮಶತಾಬ್ದಿಯ ನೆನಪಿಗೆ ಅಂಕೋಲಾದಲ್ಲಿ ಕಾಲೇಜು ತೆರೆದದ್ದು ಬಡವರ ಮಕ್ಕಳು ಊರಲ್ಲೇ ಇದ್ದು ಕಲಿಯಲಿ ಎಂದೇ. ಜಿಲ್ಲೆಯಲ್ಲಿ ಕಾಲೇಜುಗಳೇ ಇಲ್ಲದ ಕಾಲದಲ್ಲಿ ಇಲ್ಲಿನ ಹುಡುಗರು ಪದವಿಗೆ ಘಟ್ಟ ಹತ್ತಿ ಧಾರವಾಡಕ್ಕೋ, ಇಲ್ಲವೇ ಮುಂಬಯಿಗೋ ಹೋಗಬೇಕಿತ್ತು. ಹೋಗಲಾಗದವರ ಓದು ಅಲ್ಲಿಗೇ ನಿಲ್ಲುತ್ತಿತ್ತು. ನನ್ನ ವಾದ ಆ ಶ್ರಮವನ್ನು ಗೌರವಿಸುತ್ತದೆ. ಅವರ್ಸಾದಿಂದ ಅಂಕೋಲಾಕ್ಕೆ ಬಸ್ಸಿನಲ್ಲಿ ಅರ್ಧ ತಾಸು ಸಾಕು. ಬಯಸಿದ ವಿಷಯ ಅಲ್ಲೇ ಇದ್ದರೆ ಮನೆಯಲ್ಲೇ ಉಳಿಯುವುದು ಸರಿಯಾದ ಆಯ್ಕೆ, ಅಲ್ಲಿ ಕೋಣೆಗೆ ದುಡ್ಡು ಹಾಕುವುದು ಅನವಶ್ಯಕ. ತಾಸಿನ ಲೆಕ್ಕ ಹಾಕಿದವರಿಗೆ ಇದೂ ಅದೇ ಲೆಕ್ಕದಲ್ಲಿ ಸಿಗುವ ಉತ್ತರ. ಮನೆ ಬಾಗಿಲಿನಿಂದ ತರಗತಿಯ ಬಾಗಿಲಿಗೆ ಮುಕ್ಕಾಲು ತಾಸಿನೊಳಗೆ ತಲುಪುವಂತಿದ್ದರೆ ಓಡಾಟ, ಅದನ್ನು ಮೀರಿದರೆ ಕಾಲೇಜಿನ ಹತ್ತಿರ ಉಳಿಯುವ ಏರ್ಪಾಡು ಎಂಬುದು ನನ್ನ ತೀರ್ಪು. ಮುಕ್ಕಾಲು ತಾಸು ಎಂಬುದು ಯಾವ ಶಾಸ್ತ್ರದ ಗಡಿಯೂ ಅಲ್ಲ. ಆದರೆ ದಿನಕ್ಕೆ ಒಂದೂವರೆ ತಾಸಿಗಿಂತ ಹೆಚ್ಚು ಹೊತ್ತನ್ನು ರಸ್ತೆಗೆ ಕೊಟ್ಟು ಓದಿನ ನಷ್ಟ ತುಂಬಿಕೊಳ್ಳುವುದು ಬಹುತೇಕರಿಂದ ಆಗದ ಕೆಲಸ.

ಹೆಣ್ಣುಮಗಳನ್ನು ಹೊರಗೆ ಬಿಡುವುದು ಹೇಗೆ ಎಂಬ ತಾಯಿತಂದೆಯರ ಭಯಕ್ಕೆ ಉತ್ತರ ಹೇಳದೆ ಈ ವಾದ ಮುಂದೆ ಹೋಗಲಾರದು. ಭಯ ನಿಜವಾದದ್ದು, ಅದರ ಬೆಲೆಯೂ ನಿಜವಾದದ್ದು. ಗಿರಿಜಾ ಬೋರ್ಕರ್ ಎಂಬ ಅರ್ಥಶಾಸ್ತ್ರಜ್ಞೆ ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕಾಲೇಜು ಆಯ್ಕೆಯನ್ನು ಅವರ ಓಡಾಟದ ದಾರಿಯ ಜೊತೆ ಇಟ್ಟು ನೋಡಿದರು. ಒಳ್ಳೆಯ ಅಂಕ ಪಡೆದ ಹುಡುಗಿಯರು ದಾರಿ ಸುರಕ್ಷಿತವಾಗಿರಲಿ ಎಂಬ ಒಂದೇ ಕಾರಣಕ್ಕೆ ಗುಣಮಟ್ಟದಲ್ಲಿ ಕೆಳಗಿರುವ ಕಾಲೇಜನ್ನು ಆರಿಸುತ್ತಿದ್ದರು, ಹುಡುಗರಲ್ಲಿ ಈ ಒತ್ತಡ ಅಷ್ಟು ಕಾಣಲಿಲ್ಲ. ಅಂದರೆ ಅಪಾಯ ಹೆಚ್ಚಾಗಿ ಅಡಗಿರುವುದು ದಿನದಿನದ ದಾರಿಯಲ್ಲಿ. ಕಾಲೇಜಿನಿಂದ ಹತ್ತು ನಿಮಿಷದ ನಡಿಗೆಯಲ್ಲಿರುವ ಹಾಸ್ಟೆಲು ಆ ದಾರಿಯನ್ನೇ ಮೊಟಕುಗೊಳಿಸುತ್ತದೆ. ಆದ್ದರಿಂದ ಮಗಳ ಸುರಕ್ಷತೆ ಬಯಸುವವರು ಜಾಗ ನೋಡಲು ಹೋದಾಗ ಗೇಟಿಗೆ ಎಷ್ಟು ಬೀಗ ಇದೆ ಎಂಬುದಕ್ಕಿಂತ ಬೇರೆ ಕೆಲವನ್ನು ಗಮನಿಸಬೇಕು. ಸಂಜೆ ಏಳರ ಹೊತ್ತಿಗೆ ಕಾಲೇಜಿನಿಂದ ಅಲ್ಲಿಗೆ ಬರುವ ರಸ್ತೆಯಲ್ಲಿ ದೀಪ ಇದೆಯೇ, ಅಂಗಡಿ ತೆರೆದಿರುತ್ತದೆಯೇ. ವಾರ್ಡನ್ ಅಲ್ಲೇ ಉಳಿಯುವವರೇ ಅಥವಾ ಹಗಲು ಬಂದು ಹೋಗುವವರೇ. ರಾತ್ರಿ ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುವವರು ಯಾರು. ಮಹಡಿ ಹತ್ತಿ ಇಳಿಯಲು ಇನ್ನೊಂದು ದಾರಿ ಇದೆಯೇ.

ಬೀಗವನ್ನೇ ರಕ್ಷಣೆ ಎಂದುಕೊಂಡ ಹಾಸ್ಟೆಲುಗಳೂ ಇವೆ. ಹುಡುಗರು ರಾತ್ರಿ ಹತ್ತಕ್ಕೂ ಗ್ರಂಥಾಲಯದಲ್ಲಿರಬಹುದು, ಹುಡುಗಿಯರು ಆರೂವರೆಗೆ ಒಳಗಿರಬೇಕು ಎಂಬ ನಿಯಮ ಇದ್ದ ಕಡೆ ಕಾಲೇಜಿನ ಹತ್ತಿರ ಉಳಿದ ಪ್ರಯೋಜನದಲ್ಲಿ ಅರ್ಧ ಕಳೆದುಹೋಗುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2013ರ ಸಕ್ಷಮ್ ವರದಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಸುರಕ್ಷತೆಯ ನೆಪದಲ್ಲಿ ಹುಡುಗಿಯರ ಹಾಸ್ಟೆಲುಗಳಿಗೆ ಹುಡುಗರಿಗಿಲ್ಲದ ನಿರ್ಬಂಧ ಹೇರಕೂಡದು. 2019ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟು, ಸಂಜೆ ಮೊಬೈಲ್ ಒಪ್ಪಿಸಲಿಲ್ಲವೆಂದು ಹಾಸ್ಟೆಲಿನಿಂದ ಹೊರಹಾಕಲಾದ ವಿದ್ಯಾರ್ಥಿನಿಯ ಪರವಾಗಿ ತೀರ್ಪಿತ್ತು, ಅಂತರ್ಜಾಲ ಬಳಸುವುದು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ಹೇಳಿತು. ಪ್ರವೇಶ ಪಡೆಯುವ ಮೊದಲೇ ನಿಯಮಗಳ ಪ್ರತಿ ಕೇಳಿ ಓದುವುದು, ಅದನ್ನು ಮಗಳ ಕೈಯಲ್ಲೂ ಓದಿಸುವುದು ಒಳ್ಳೆಯದು.

ಇನ್ನು ದುಡ್ಡಿನ ಮಾತು. ನಮ್ಮ ನಾಡಿನಲ್ಲಿ ಬಡ ವಿದ್ಯಾರ್ಥಿಯ ಊಟ-ವಸತಿಯ ಪ್ರಶ್ನೆಗೆ ಉದ್ದನೆಯ ಚರಿತ್ರೆಯಿದೆ. ಒಂದು ಕಾಲಕ್ಕೆ ವಾರಾನ್ನವಿತ್ತು, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಅದು ಹೆಚ್ಚಾಗಿ ಕೆಲವೇ ಜಾತಿಯ ಹುಡುಗರಿಗೆ ತೆರೆದಿದ್ದ ಬಾಗಿಲು. ಆಮೇಲೆ ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗಾ ಮಠಗಳ ಪ್ರಸಾದ ನಿಲಯಗಳು ಹಳ್ಳಿಯ ಮಕ್ಕಳಿಗೆ ಓದುವ ದಾರಿ ಮಾಡಿಕೊಟ್ಟವು. ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1901ರಿಂದ ಒಂದೊಂದು ಸಮುದಾಯಕ್ಕೂ ವಿದ್ಯಾರ್ಥಿನಿಲಯ ಕಟ್ಟಿಸುತ್ತ ಹೋದರು. ಅಂಬೇಡ್ಕರ್ ಅವರ ಬಹಿಷ್ಕೃತ ಹಿತಕಾರಿಣಿ ಸಭಾ ಕೈಗೊಂಡ ಮೊದಲ ಕೆಲಸಗಳಲ್ಲಿ ಒಂದು 1925ರಲ್ಲಿ ಸೊಲ್ಲಾಪುರದಲ್ಲಿ ಹಾಸ್ಟೆಲ್ ತೆರೆದದ್ದು. ಶಾಲೆ ಇದ್ದರೂ ಉಳಿಯಲು ಜಾಗವಿಲ್ಲದಿದ್ದರೆ ಶಾಲೆ ಇಲ್ಲದಂತೆಯೇ ಎಂಬುದನ್ನು ಅವರೆಲ್ಲ ಕಂಡುಕೊಂಡಿದ್ದರು. 1970ರ ದಶಕದಲ್ಲಿ ದೇವರಾಜ ಅರಸರ ಸರ್ಕಾರ ಅದೇ ತಿಳಿವಳಿಕೆಯನ್ನು ಹಿಂದುಳಿದ ವರ್ಗಗಳ ಹಾಸ್ಟೆಲುಗಳ ರೂಪದಲ್ಲಿ ಜಿಲ್ಲೆ ಜಿಲ್ಲೆಗೂ ಒಯ್ದಿತು. ಅವನ್ನು ನಡೆಸುವ ಇಲಾಖೆಯ ಹೆಸರು ಬದಲಾದರೂ ಜನ ಅವನ್ನು ಇಂದಿಗೂ ಬಿಸಿಎಂ (ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ) ಹಾಸ್ಟೆಲ್ ಎಂದೇ ಕರೆಯುತ್ತಾರೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಆಯಾ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿವೆ. ಇವುಗಳಲ್ಲಿ ಊಟ-ವಸತಿ ಉಚಿತ.

ಅವರ್ಸಾದಂಥ ಊರಿನ ಬಹುತೇಕ ಕುಟುಂಬಗಳು ಇಂಥ ಯಾವುದಾದರೊಂದು ಹಾಸ್ಟೆಲಿಗೆ ಅರ್ಹವಾಗಿರುತ್ತವೆ. ಎಡವುವುದು ಅರ್ಜಿಯಲ್ಲಿ. ಕಾಲೇಜಿಗೆ ಸೇರಿದರೆ ಹಾಸ್ಟೆಲು ತಾನಾಗಿ ಸಿಗುತ್ತದೆ ಎಂಬ ತಪ್ಪು ಕಲ್ಪನೆ ಬಹಳ ಕಡೆ ಇದೆ. ಇಲಾಖೆಯ ಹಾಸ್ಟೆಲಿಗೆ ರಾಜ್ಯ ಹಾಸ್ಟೆಲ್ ಪೋರ್ಟಲ್‌ನಲ್ಲಿ ಬೇರೆಯೇ ಅರ್ಜಿ, ಬೇರೆಯೇ ಕೊನೆಯ ದಿನಾಂಕ; ಜಾತಿ ಮತ್ತು ಆದಾಯ ಪ್ರಮಾಣಪತ್ರ ಮೊದಲೇ ಕೈಯಲ್ಲಿರಬೇಕು. ಹಾಸ್ಟೆಲಿನಲ್ಲಿ ಜಾಗ ಸಿಗದ ಅರ್ಹರಿಗಾಗಿ ವಿದ್ಯಾಸಿರಿ ಯೋಜನೆಯಿದೆ. 2013-14ರಲ್ಲಿ ಅದು ಶುರುವಾದಾಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಊಟ-ವಸತಿಗೆ ನೆರವು ನಿಗದಿಯಾಗಿತ್ತು. ಅದು ಪೂರ್ತಿ ಖರ್ಚಿಗೆ ಸಾಲದು, ಆದರೆ ಮೂವರು ಸೇರಿ ಮಾಡಿಕೊಂಡ ಕೋಣೆಯಲ್ಲಿ ಒಬ್ಬನ ಪಾಲಿನ ಬಾಡಿಗೆಗೆ ದೊಡ್ಡ ಆಸರೆ. ಬ್ಯಾಂಕಿನ ಶಿಕ್ಷಣ ಸಾಲದಲ್ಲಿ ಹಾಸ್ಟೆಲ್ ಶುಲ್ಕವೂ ಸೇರುತ್ತದೆ, ನಾಲ್ಕು ಲಕ್ಷದವರೆಗಿನ ಸಾಲಕ್ಕೆ ಕೈಯಿಂದ ಪಾಲು ಹಾಕಬೇಕಾಗಿಲ್ಲ. ಎಷ್ಟೋ ಜನ ಬರೀ ಕಾಲೇಜು ಫೀಗೆ ಸಾಲ ಕೇಳಿ ಊಟ-ಬಾಡಿಗೆಗೆ ಬಡ್ಡಿಯ ಕೈಸಾಲ ಮಾಡುತ್ತಾರೆ. ಆಯ್ಕೆಪಟ್ಟಿ ತಡವಾಗಿ ಬಂದರೆ ತರಗತಿ ಶುರುವಾದ ಮೇಲೂ ಕೆಲವು ವಾರ ಬೇರೆಡೆ ಉಳಿಯಬೇಕಾದೀತು. ಆ ದಿನಗಳ ಏರ್ಪಾಡನ್ನೂ ಮೊದಲೇ ಯೋಚಿಸಿಟ್ಟುಕೊಳ್ಳಬೇಕು.

ಹಾಸ್ಟೆಲು ಸಿಗದೆ ಖಾಸಗಿ ಕೋಣೆಗೋ ಪಿಜಿಗೋ ಹೋಗಬೇಕಾದವರಿಗೆ ಅಳೆಯಲು ಒಂದು ಟೇಪು ಬೇಕು. 2024ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಪಿಜಿಗಳಿಗೆ ಹೊರಡಿಸಿದ ನಿಯಮಗಳು ಆ ಕೆಲಸಕ್ಕೆ ಬರುತ್ತವೆ. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಅಡಿಗೆಮನೆ ಇದ್ದರೆ ಆಹಾರ ಸುರಕ್ಷತಾ ಪರವಾನಗಿ. ಇದು ಧಾರವಾಡಕ್ಕೋ ಕಾರವಾರಕ್ಕೋ ಕಾನೂನಿನಂತೆ ಅನ್ವಯಿಸದಿದ್ದರೂ ನೋಡುವ ಕಣ್ಣಿಗೆ ಅಳತೆ ಒದಗಿಸುತ್ತದೆ. ಹತ್ತಡಿ ಉದ್ದ ಹತ್ತಡಿ ಅಗಲದ ಕೋಣೆಯಲ್ಲಿ ನಾಲ್ಕು ಮಂಚ ಹಾಕಿದ್ದರೆ ಒಬ್ಬರಿಗೆ 25 ಚದರ ಅಡಿ. ಅಲ್ಲಿ ಮಲಗಬಹುದು, ಓದಲಾಗದು. ಮುಂಗಡದ ವಿಷಯದಲ್ಲೂ ಬಾಯಿಮಾತು ಬೇಡ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಇತ್ತು, ಕೆಲವೆಡೆ ಈಗಲೂ ಇದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಬೇಡ ಎನ್ನುತ್ತದೆ, ಆದರೆ ರಾಜ್ಯ ಅಳವಡಿಸಿಕೊಂಡರೆ ಮಾತ್ರ ಅದಕ್ಕೆ ಬಲ. ಆದ್ದರಿಂದ ಬಿಡುವಾಗ ಎಷ್ಟು ಹಿಡಿದುಕೊಳ್ಳುತ್ತಾರೆ, ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು. ಪಿಜಿಯವರು ಜಿಎಸ್‌ಟಿ ಎಂದು ಹೆಚ್ಚುವರಿ ಕೇಳಿದರೆ 2024ರ ಜೂನ್ 22ರ ಜಿಎಸ್‌ಟಿ ಮಂಡಳಿಯ ತೀರ್ಮಾನ ನೆನಪಿಸಿ: ತಿಂಗಳಿಗೆ ಒಬ್ಬರಿಗೆ 20,000 ರೂಪಾಯಿಯೊಳಗಿನ, ಸತತ 90 ದಿನ ಉಳಿಯುವ ವಸತಿಗೆ ವಿನಾಯಿತಿ ಇದೆ.

ಊಟದ ವಿಷಯವನ್ನು ಚಿಕ್ಕದೆಂದು ತಳ್ಳಿಹಾಕಬಾರದು. ಕುಚ್ಚಲಕ್ಕಿ ಅನ್ನ, ಮೀನುಸಾರಿನಲ್ಲಿ ಬೆಳೆದ ಹೊಟ್ಟೆಗೆ ಧಾರವಾಡದ ಖಾನಾವಳಿಯ ಜೋಳದ ರೊಟ್ಟಿ, ಖಾರಬ್ಯಾಳಿ ಮೊದಲ ತಿಂಗಳು ಹಿಡಿಸುವುದಿಲ್ಲ. ಸಪ್ತಾಪುರದಂಥ ಬಡಾವಣೆಯಲ್ಲಿ ಕೋಣೆ ಹಿಡಿದವರು ಊಟ ಬಿಟ್ಟು ಬಿಸ್ಕೀಟು-ಚಹಾದಲ್ಲಿ ರಾತ್ರಿ ಕಳೆಯುವುದು, ಆಮೇಲೆ ಕಾಯಿಲೆ ಬಿದ್ದು ಊರಿಗೆ ಮರಳುವುದು ನಡೆಯುತ್ತದೆ. ಕೋಣೆ ಗೊತ್ತು ಮಾಡುವ ಮೊದಲು ಅಲ್ಲಿನ ಮೆಸ್ಸಿನಲ್ಲಿ ಎರಡು ಹೊತ್ತು ಉಂಡು ನೋಡುವುದು, ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದು ಕೇಳುವುದು ಇದಕ್ಕಿರುವ ಸರಳ ಉಪಾಯ.

ಕೊನೆಯ ಆಕ್ಷೇಪ ಸಹವಾಸದ್ದು. ಹಾಸ್ಟೆಲಿಗೆ ಹೋದರೆ ಹುಡುಗ ಕೆಡುತ್ತಾನೆ, ರ್‍ಯಾಗಿಂಗ್ ಮಾಡುತ್ತಾರೆ ಎಂಬ ಹೆದರಿಕೆ. ರ್‍ಯಾಗಿಂಗ್ ಇಲ್ಲವೆಂದು ನಾನು ಹೇಳಲಾರೆ. ಆದರೆ ಅದರ ವಿರುದ್ಧ ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮಾವಳಿ ಇದೆ. ಹೊಸಬರನ್ನು ಸಾಧ್ಯವಾದಷ್ಟು ಹಿರಿಯರಿಂದ ಬೇರೆ ಕಟ್ಟಡದಲ್ಲಿ ಇರಿಸಬೇಕು ಎನ್ನುತ್ತದೆ, ಆವರಣದ ಹೊರಗಿನ ವಾಸಕ್ಕೂ ಅದು ಅನ್ವಯಿಸುತ್ತದೆ. ದೂರು ಕೊಡಲು 1800-180-5522 ಎಂಬ ಉಚಿತ ಸಂಖ್ಯೆ ಇದೆ. ಈ ಸಂಖ್ಯೆ ಮಗುವಿನ ಮೊಬೈಲಿನಲ್ಲೂ ಮನೆಯವರ ಮೊಬೈಲಿನಲ್ಲೂ ಇರಲಿ. ಕೆಡುವ ಮಾತಿಗೆ ಬಂದರೆ, ಹದಿನೆಂಟು ದಾಟಿದವರು ತಮ್ಮ ಬಟ್ಟೆ ಒಗೆದುಕೊಂಡು, ಬೇರೆ ಊರಿನ, ಬೇರೆ ಜಾತಿಯ, ಬೇರೆ ಮಾತಿನ ಮೂವರ ಜೊತೆ ಒಂದು ಕೋಣೆ ಹಂಚಿಕೊಂಡು, ತಿಂಗಳ ಖರ್ಚು ಬರೆದಿಟ್ಟು ಬದುಕುವುದನ್ನು ಕಲಿಯುವುದು ಪದವಿಯಷ್ಟೇ ದೊಡ್ಡ ಗಳಿಕೆ ಎಂದು ನಾನು ನಂಬುತ್ತೇನೆ. ಅವರ್ಸಾದ ಮಗುವೊಂದು ಬಿಜಾಪುರದ, ಬೀದರದ ಮಗುವಿನ ಕನ್ನಡ ಕೇಳಿಸಿಕೊಳ್ಳುವುದು ಇಂಥ ಕೋಣೆಗಳಲ್ಲೇ. ಸ್ವಜಾತಿಯ ಹಾಸ್ಟೆಲು ಅಗ್ಗವಾಗಿ ಸಿಗುವಾಗ ಅದನ್ನು ಬಿಡಬೇಕೆಂದಲ್ಲ, ಸಮ ಖರ್ಚಿನ ಎರಡು ಜಾಗಗಳಲ್ಲಿ ಒಂದನ್ನು ಆರಿಸುವಾಗ ಹಲವು ಬಗೆಯ ಜನರಿರುವ ಕಡೆಗೆ ಮನಸ್ಸು ವಾಲಲಿ.

ಈ ವರ್ಷ ಮಗನಿಗೋ ಮಗಳಿಗೋ ಪದವಿಯ ಅರ್ಜಿ ತುಂಬಿಸುತ್ತಿರುವವರಲ್ಲಿ ಒಂದು ವಿನಂತಿ. ಸಿಇಟಿಯ ಆಪ್ಷನ್ ಎಂಟ್ರಿಗೆ ಅಥವಾ ಪದವಿ ಕಾಲೇಜಿನ ಅರ್ಜಿಗೆ ಕೂರುವ ಮುನ್ನ, ಮನಸ್ಸಿನಲ್ಲಿರುವ ಕಾಲೇಜಿಗೆ ಮಗುವಿನ ಜೊತೆ ಒಂದು ಸಲ ಹೋಗಿ ಬನ್ನಿ. ಕಾರು ಬೇಡ, ಬೆಳಗಿನ ಬಸ್ಸಿನಲ್ಲಿ ಹೋಗಿ ಸಂಜೆಯ ಬಸ್ಸಿನಲ್ಲಿ ಬನ್ನಿ. ಮನೆಯ ಬಾಗಿಲು ದಾಟಿದ ಹೊತ್ತು, ತರಗತಿಯ ಬಾಗಿಲು ಮುಟ್ಟಿದ ಹೊತ್ತು ಎರಡನ್ನೂ ಒಂದು ಕಾಗದದ ಮೇಲೆ ಬರೆದುಕೊಳ್ಳಿ. ಕಾಲೇಜಿನ ಸುತ್ತ ನಡೆದು ಇಲಾಖೆಯ ಹಾಸ್ಟೆಲು ಎಲ್ಲಿದೆ, ಅರ್ಜಿಯ ಕೊನೆಯ ದಿನ ಯಾವುದು ಎಂದು ಕೇಳಿ ಅದೇ ಕಾಗದದಲ್ಲಿ ಸೇರಿಸಿ. ಆ ಕಾಗದ ಪಕ್ಕದಲ್ಲಿಟ್ಟುಕೊಂಡು ಅರ್ಜಿ ತುಂಬಿ.